ಜಗ್ಗದ ನಳಿಗೆ

ಹುನ್ನೂರಿನ ಗೌಡರ ರೈಫಲ್ಲಿನ ಹಳೆಯ ನಳಿಗೆ ಬಿಚ್ಚಿ ಹೊಸದನ್ನು ಕೂಡಿಸಲು ನನಗೆ ಹನ್ನೊಂದು ದಿನ ಹಿಡಿದವು. ಈ ಕೆಲಸ ಬಲ್ಲವರು ಕೇಳಿದರೆ ನಕ್ಕಾರು. ಹತಾರು ಸರಿಯಿದ್ದು, ನಳಿಗೆ ಸರಿಯಿದ್ದರೆ ಅದು ಒಂದೂವರೆ ದಿನದ ಬಾಬತ್ತು. ನಾನೂ ಗೌಡರಿಗೆ ಹಾಗೆಯೇ ಹೇಳಿದ್ದೆ, ಒಳ್ಳೆ ಜಂಬದಿಂದ: ಸೋಮವಾರ ತಂದುಕೊಡಿ, ಬುಧವಾರ ಒಯ್ಯಿರಿ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಜಮಖಂಡಿಯಲ್ಲಿ ನಮ್ಮದು ಬಂದೂಕು ರಿಪೇರಿಯ ಅಂಗಡಿ. ಪರವಾನಗಿ ಅಪ್ಪನ ಹೆಸರಿನಲ್ಲಿತ್ತು. ಎರಡು ವರ್ಷದಿಂದ ಅಪ್ಪನ ಕೈ ನಡುಗುತ್ತದೆ. ಚಹದ ಬಸಿಯನ್ನು ಕೂಡ ಮೇಜಿನ ಮೇಲಿಟ್ಟು, ತಾನೇ ಬಗ್ಗಿ ಕುಡಿಯುತ್ತಾನೆ. ಕೆಲಸವೆಲ್ಲ ನನ್ನದು, ಹೆಸರು ಅವನದು ಎನ್ನುವಂತೆ ನಡೆದಿತ್ತು. ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದಾಗ ಪರಿಶೀಲನೆಗೆ ಬಂದ ಅಧಿಕಾರಿ ನಮ್ಮ ರಿಜಿಸ್ಟರನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು. ಈಚೆಗೆ ಸ್ಪ್ರಿಂಗ್ ಬದಲಿಸಿದ್ದು, ಕಟ್ಟಿಗೆಯ ಹಿಡಿ ಸರಿಮಾಡಿದ್ದು, ತುಕ್ಕು ತೆಗೆದದ್ದು ಬಿಟ್ಟರೆ ದೊಡ್ಡ ಕೆಲಸ ಒಂದೂ ಇಲ್ಲವಲ್ಲ ಎಂದರು. ನಳಿಗೆ ಬದಲಿಸುವಂಥ ಒಂದು ಪೂರ್ತಿ ಕೆಲಸವನ್ನು ನಿಮ್ಮ ಕೈಯಿಂದ ಮಾಡಿ, ಕಂಡದ್ದನ್ನೂ ಮಾಡಿದ್ದನ್ನೂ ಬರೆದಿಡಿ, ತಿಂಗಳ ಕೊನೆಯ ಶನಿವಾರ ನನ್ನೆದುರು ಗುಂಡು ಹಾರಿಸಿ ತೋರಿಸಿ ಎಂದು ಹೇಳಿ ಹೋದರು. ಅದು ಆಗದಿದ್ದರೆ ಅಪ್ಪನ ಪರವಾನಗಿಯ ಅವಧಿ ಮುಗಿದ ದಿನವೇ ಅಂಗಡಿಯ ಬಾಗಿಲು ಮುಚ್ಚುವುದು.

ಅವರ ಮಾತಿನಲ್ಲಿ ಸೊಕ್ಕಿರಲಿಲ್ಲ. ಇದು ಹೊಲಿಗೆ ಯಂತ್ರದ ರಿಪೇರಿಯಲ್ಲ, ಹೆಚ್ಚುಕಡಿಮೆಯಾದರೆ ಹಾರಿಸಿದವರ ಮುಖವೇ ಹೋಗುತ್ತದೆ. ಅದು ನನಗೂ ಗೊತ್ತು. ಆದರೂ ಇಪ್ಪತ್ತು ವರ್ಷ ಇದೇ ಮೇಜಿನ ಮುಂದೆ ನಿಂತವಳಿಗೆ ಪರೀಕ್ಷೆ ಇಟ್ಟರಲ್ಲ ಎಂದು ಮೈ ಉರಿದುಹೋಯಿತು. ಎರಡು ದಿನ ಮನೆಯಲ್ಲಿ ಯಾರ ಸಂಗಡವೂ ನೆಟ್ಟಗೆ ಮಾತಾಡಲಿಲ್ಲ.

ಗೌಡರ ರೈಫಲ್ ಬಂದದ್ದು ಅದೇ ಹೊತ್ತಿಗೆ. ಅವರ ತಂದೆ ಬೇಟೆಯ ಕಾಲದಲ್ಲಿ ಕೊಂಡ ಬೋಲ್ಟ್ ರೈಫಲ್ ಅದು. ಬೇಟೆ ನಿಂತು ಎಷ್ಟೋ ಕಾಲವಾಯಿತು; ಗೌಡರಿಗೆ ಈಗ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುವ ಹುಚ್ಚು. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೆರೆಗಳು ಸವೆದು ಸಪಾಟಾಗಿದ್ದವು. ಗುಂಡು ಅಡ್ಡಲಾಗಿ ಹೋಗಿ ಹಾಳೆಯಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಬೀಳುತ್ತಿತ್ತು. ಗೌಡರು ಅನುಮತಿ ಪಡೆದು ಕಾರ್ಖಾನೆಯಿಂದ ಹೊಸ ನಳಿಗೆ ತರಿಸಿದ್ದರು. ಅನುಮತಿ ಪತ್ರದಲ್ಲಿ ಒಂದು ಷರತ್ತಿತ್ತು: ಹಳೆಯ ನಳಿಗೆಯನ್ನು ಅದರ ನಂಬರು ಅಳಿಯದಂತೆ ಠಾಣೆಗೆ ಒಪ್ಪಿಸಬೇಕು.

ಗೌಡರದೂ ಒಂದು ಷರತ್ತು. ಕೆಲಸವನ್ನು ಅಪ್ಪನೇ ಮಾಡಬೇಕು. ನಲವತ್ತು ವರ್ಷದ ಹಿಂದೆ ಇದೇ ರೈಫಲ್ಲಿನ ನಳಿಗೆ ಸಡಿಲಾಗಿದ್ದಾಗ ಅಪ್ಪ ಒಂದೇ ದಿನದಲ್ಲಿ ಬಿಗಿ ಮಾಡಿಕೊಟ್ಟಿದ್ದನಂತೆ, ಅಂದಿನಿಂದ ಅದು ಕೂದಲೆಳೆಯಷ್ಟೂ ಅಲುಗಾಡಿಲ್ಲವಂತೆ. ಅಪ್ಪ ತನ್ನ ಕೈಗಳನ್ನು ಮುಂದೆ ಚಾಚಿ ತೋರಿಸಿದ. ಮಗಳು ಮಾಡುತ್ತಾಳೆ, ನಾನು ಬಗಲಲ್ಲೇ ಕೂತಿರುತ್ತೇನೆ ಎಂದ. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅರೆಮನಸ್ಸಿನಿಂದ ರಸೀದಿಗೆ ಸಹಿ ಹಾಕಿದರು.

ಮೊದಲ ದಿನ ಎಲ್ಲ ಸಲೀಸು. ಒಳಗೆ ಕಾಡತೂಸು ಇಲ್ಲವೆಂದು ಕಣ್ಣಿಂದ ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ಖಾತ್ರಿ ಮಾಡಿಕೊಂಡೆ. ಬೋಲ್ಟ್ ಹೊರತೆಗೆದೆ. ಕಟ್ಟಿಗೆ ಬಿಚ್ಚಿದೆ. ಉಳಿದದ್ದು ಎರಡೇ: ನಳಿಗೆ, ಮತ್ತು ಅದರ ಹಿಂಬದಿ ತಿರುಪಿನಲ್ಲಿ ಕೂತ ಉಕ್ಕಿನ ಮೈ. ಬೋಲ್ಟ್ ಓಡಾಡುವುದು ಆ ಮೈಯೊಳಗೆ. ಗುಂಡಿನ ಪೆಟ್ಟನ್ನು ತಡೆದುಕೊಳ್ಳುವುದೂ ಅದೇ. ನಳಿಗೆಗೆ ಒಂದು ಭುಜವಿರುತ್ತದೆ, ಅಂದರೆ ತಿರುಪು ಮುಗಿಯುವಲ್ಲಿ ಒಂದು ಮೆಟ್ಟಿಲು. ಆ ಭುಜ ಮೈಯ ಮೂತಿಗೆ ಒತ್ತಿ ಕೂತರೆ ಬಿಗಿ ಬಂತು ಅಂತ ಲೆಕ್ಕ.

ಜಾಲಿ ಕಟ್ಟಿಗೆಯ ಎರಡು ತುಂಡುಗಳ ನಡುವೆ ರಾಳದ ಪುಡಿ ಉದುರಿಸಿ ನಳಿಗೆಯನ್ನು ಮೇಜಿಗೆ ಬಿಗಿದ ವೈಸಿನ ದವಡೆಯಲ್ಲಿ ಹಿಡಿದೆ. ಮೈಗೆ ತಾಮ್ರದ ತಗಡು ಸುತ್ತಿ, ಅದಕ್ಕೆಂದೇ ಮಾಡಿಸಿದ ದೊಡ್ಡ ಪಾನಾ ಹಾಕಿದೆ. ಜಗ್ಗಿದೆ. ಏನೂ ಇಲ್ಲ. ಪಾನಾಕ್ಕೆ ಮೂರು ಫೂಟಿನ ಪೈಪು ತೊಡಿಸಿ ಜಗ್ಗಿದೆ. ನಳಿಗೆ ಕಟ್ಟಿಗೆಯೊಳಗೇ ಜಾರಿ ತಿರುಗಿತು, ಸುಟ್ಟ ರಾಳದ ವಾಸನೆ ಬಂತು. ಕಟ್ಟಿಗೆ ಬದಲಿಸಿ, ವೈಸ್ ಇನ್ನಷ್ಟು ಬಿಗಿದು, ಪೈಪಿಗೆ ಅಕ್ಷರಶಃ ಜೋತುಬಿದ್ದೆ. ಜಾಲಿಯ ತುಂಡು ಫಟ್ಟನೆ ಎರಡಾಯಿತು, ನಾನು ಕುಂಡಿ ಊರಿ ನೆಲಕ್ಕೆ ಬಿದ್ದೆ. ಹೊರಗೆ ನಿಂತ ಆಟೋದವರು ಇಣುಕಿ ನೋಡಿ, ನಾನು ಕೆಕ್ಕರಿಸಿದೊಡನೆ ಮುಖ ತಿರುಗಿಸಿದರು.

ಮಂಗಳವಾರ ಸೀಮೆಎಣ್ಣೆ ಮತ್ತು ತೆಳ್ಳನೆಯ ಎಣ್ಣೆ ಬೆರೆಸಿ ತಿರುಪಿನ ಸಂದಿಗೆ ಹನಿಹನಿಯಾಗಿ ಬಿಟ್ಟೆ. ತುಕ್ಕಾಗಿದ್ದರೆ ಇದಕ್ಕೆ ಜಗ್ಗಲೇಬೇಕು. ಬುಧವಾರ ಮತ್ತೆ ಪೈಪು, ಮತ್ತೆ ತಾಮ್ರದ ಸುತ್ತಿಗೆಯ ಪೆಟ್ಟು. ಎಣ್ಣೆ ಒಂದು ಹನಿಯೂ ಒಳಗೆ ಇಳಿದಿರಲಿಲ್ಲ, ಹಾಕಿದಲ್ಲೇ ನಿಂತಿತ್ತು. ಗೌಡರು ಫೋನ್ ಮಾಡಿ ರೈಫಲ್ ಒಯ್ಯಲು ಬರಲೇ ಎಂದು ಕೇಳಿದರು. ನಾನು ಕೈ ಒರೆಸಿಕೊಳ್ಳುತ್ತ ಸುಳ್ಳು ಹೇಳಿದೆ, ಸ್ವಲ್ಪ ಪಾಲಿಶ್ ಬಾಕಿ ಇದೆ ಎಂದು. ಅಪ್ಪ ಈ ಮೂರು ದಿನವೂ ಬಾಗಿಲ ಬಳಿ ಖುರ್ಚಿಯಲ್ಲಿ ರಸ್ತೆ ನೋಡುತ್ತ ಕೂತಿದ್ದ. ಯಾವಾಗಲೂ ನಾನು ಪಾನಾ ಹಿಡಿದೊಡನೆ ಹತ್ತು ಸೂಚನೆ ಕೊಡುವವನು, ಈ ಸಲ ಒಂದು ಮಾತೂ ಆಡಲಿಲ್ಲ. ನನ್ನ ಮೇಲೆ ಭರವಸೆ ಬಂದಿದೆ ಎಂದುಕೊಂಡು ಒಳಗೊಳಗೇ ಬೀಗಿದ್ದೆ, ಎಂಥ ಪೆದ್ದಿ ನಾನು.

ಉಳಿದದ್ದು ಎರಡು ದಾರಿ. ಮೊದಲನೆಯದು ಕಾವು. ಮುಧೋಳದ ಒಬ್ಬ ಲೇತ್ ಮಿಸ್ತ್ರಿಗೆ ಫೋನಿನಲ್ಲಿ ಕೇಳಿದರೆ, ಗ್ಯಾಸ್ ಬೆಂಕಿ ಹಿಡಿ, ಮೈ ಕೆಂಪಾದರೆ ಬೆಣ್ಣೆಯಂತೆ ಬಿಚ್ಚುತ್ತದೆ ಎಂದ. ಅವನದೇನು ಹೋಗುತ್ತದೆ! ಆ ಮೈಯಲ್ಲಿ ಬೋಲ್ಟನ್ನು ತಡೆಹಿಡಿಯುವ ಭಾಗಕ್ಕೆ ಕಾರ್ಖಾನೆಯಲ್ಲೇ ಹದ ಕೊಟ್ಟಿರುತ್ತಾರೆ. ಒಮ್ಮೆ ಕೆಂಪಗೆ ಕಾಯಿಸಿದರೆ ಹದ ಹೋಯಿತು, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ, ಗೊತ್ತಾಗುವುದು ಗುಂಡು ಹಾರಿಸಿದಾಗಲೇ. ಎರಡನೆಯದು ಕೊಯ್ಯುವುದು. ಲೇತಿಗೆ ಹಾಕಿ ನಳಿಗೆಯ ಭುಜದ ಪಕ್ಕದಲ್ಲೇ ಒಂದು ಕಾಲುವೆ ಕೊರೆದರೆ ಭುಜದ ಒತ್ತಡ ಕಳೆದು ತಿರುಪು ಸಡಿಲಾಗುತ್ತದೆ. ಹೇಗೂ ಹಳೆಯ ನಳಿಗೆ ಕೆಲಸಕ್ಕೆ ಬಾರದ್ದು. ಆದರೆ ಭುಜದಿಂದ ಎರಡೇ ಮಿಲಿಮೀಟರ್ ಆಚೆ ನಂಬರಿತ್ತು. ಉಳಿ ಕೂದಲಷ್ಟು ಆಚೆ ಸರಿದರೆ ಮೊದಲ ಅಂಕಿ ಮಾಯ. ನಂಬರು ಅಳಿಸಿದ ನಳಿಗೆ ಇಟ್ಟುಕೊಂಡು ಪರವಾನಗಿ ಕೊಡಿ ಎಂದು ಯಾರ ಮುಂದೆ ನಿಲ್ಲಲಿ?

ಗುರುವಾರ ಕೊಯ್ಯುವುದೆಂದೇ ನಿರ್ಧರಿಸಿದೆ. ಉಳಿಯನ್ನು ಒಂದೂವರೆ ಮಿಲಿಮೀಟರಿಗೆ ತೆಳ್ಳಗೆ ಸಾಣೆ ಹಿಡಿದೆ. ನಳಿಗೆಯನ್ನು ಲೇತಿಗೆ ಕಟ್ಟಿ, ಓರೆ ತೋರಿಸುವ ಡಯಲ್ ಇಟ್ಟು, ನಳಿಗೆ ಅಲುಗದಂತೆ ತಿರುಗುವವರೆಗೆ ಹೊಂದಿಸಿಯೇ ಹೊಂದಿಸಿದೆ. ಗುಂಡಿ ಒತ್ತಲು ಕೈ ಚಾಚಿದಾಗ ಅಪ್ಪ ಖುರ್ಚಿಯಿಂದ ಎದ್ದು ಬಂದು ಸ್ವಿಚ್ಚಿನ ಮೇಲೆ ತನ್ನ ಕೈ ಇಟ್ಟ.

"ಕೊಯ್ಯಬ್ಯಾಡವ್ವಾ. ತುಕ್ಕ ಹಿಡದಿಲ್ಲ ಅದಕ್ಕ. ಒಳಗ ನೂಲ ಐತಿ."

ನಾನು ಅವನ ಮುಖ ನೋಡಿದೆ. ಯಾವ ನೂಲು ಎಂದು ಕೇಳಿದೆ.

"ಹತ್ತಿ ನೂಲು. ಸಫೇದಾ ಹಚ್ಚಿ ಸುತ್ತಿದ್ದೆ. ನಾನ ಸುತ್ತಿದ್ದೆ."

ಅಂಗಡಿಗೆ ಕೂಡುವ ಮೊದಲು ಅಪ್ಪ ಬನಹಟ್ಟಿಯಲ್ಲಿ ನೂಲಿಗೆ ಗಂಜಿ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರಿನ ಪೈಪು ಜೋಡಿಸುತ್ತಿದ್ದ. ಅಲ್ಲಿ ಉಗಿ ಸೋರಿದರೆ ಒಂದೇ ಮದ್ದು. ಕೈಗೆ ಸಿಕ್ಕ ಹತ್ತಿ ನೂಲನ್ನು ಅಗಸೆ ಎಣ್ಣೆಯಲ್ಲಿ ಕಲಸಿದ ಸಫೇದಾದಲ್ಲಿ, ಅಂದರೆ ಸೀಸದ ಬಿಳಿ ಲೇಪದಲ್ಲಿ, ಅದ್ದಿ ಪೈಪಿನ ತಿರುಪಿಗೆ ಸುತ್ತಿ ಬಿಗಿಯುವುದು. ಕೆಲವು ದಿನದಲ್ಲಿ ಅದು ಕಲ್ಲಾಗುತ್ತದೆ. ಗೌಡರ ತಂದೆ ಸಡಿಲು ನಳಿಗೆಯ ರೈಫಲ್ ತಂದಾಗ ಅಪ್ಪನಿಗೆ ಇಪ್ಪತ್ತನಾಲ್ಕು ವಯಸ್ಸು, ಆಗ ಅಂಗಡಿ ನಡೆಸುತ್ತಿದ್ದ ಅಜ್ಜ ಊರಲ್ಲಿರಲಿಲ್ಲ. ಭುಜ ಸವೆದಿದೆ, ಹೊಸ ನಳಿಗೆ ಬೇಕು ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ಬಲ್ಲ ಮದ್ದನ್ನೇ ಮಾಡಿದ. ಉಗಿಗೆ ಅದು ಸರಿ. ರೈಫಲ್ಲಿಗೆ ಅದು ದೊಡ್ಡ ತಪ್ಪು. ಬಿಗಿ ಬರಬೇಕಾದದ್ದು ಉಕ್ಕಿಗೆ ಉಕ್ಕು ಕೂತು, ನೂಲು ತುರುಕಿ ಅಲ್ಲ. ಆದರೆ ನಳಿಗೆ ಅಲುಗಾಡಲಿಲ್ಲ. ಗೌಡರ ತಂದೆ ಸುತ್ತಲ ಹಳ್ಳಿಗೆಲ್ಲ ಹೇಳಿಕೊಂಡು ತಿರುಗಿದರು. ಅಂಗಡಿಗೆ ಗಿರಾಕಿ ಬಂದದ್ದೇ ಆ ಹೊಗಳಿಕೆಯಿಂದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ದಿನ ನಾನು ಪೈಪಿಗೆ ಜೋತಾಡುತ್ತಿದ್ದರೆ ನೀನು ರಸ್ತೆ ನೋಡುತ್ತ ಕೂತಿದ್ದೆಯಲ್ಲ ಎಂದು ಬಾಯಿಗೆ ಬಂದಂತೆ ಅಂದೆ. ಅನ್ನಬಾರದ್ದನ್ನೂ ಅಂದೆ.

"ನಾಚಿಕಿ ಬಂತವ್ವಾ" ಎಂದ ಅಪ್ಪ. "ಜಗ್ಗಿದ್ರ ಬಿಚ್ಚೀತು, ಹೇಳೂ ಪಾಳಿ ಬರಾಂಗಿಲ್ಲ ಅಂತ ತಿಳದಿದ್ದೆ."

ಪಾನಾ ಮೇಜಿನ ಮೇಲೆ ಒಗೆದು ಹೊರಗೆ ಹೋದೆ. ಎದುರಿನ ಗಾಡಿಯಲ್ಲಿ ಒಂದರ ಮೇಲೊಂದು ಎರಡು ಚಹಾ ಕುಡಿದೆ. ಎರಡನೆಯದು ಮುಗಿಯುವ ಹೊತ್ತಿಗೆ ತಲೆ ತಂಪಾಗಿ, ಬುದ್ಧಿ ಮತ್ತೆ ಕೆಲಸಕ್ಕೆ ಹತ್ತಿತು. ಎಣ್ಣೆ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಈಗ ಉತ್ತರ ಸಿಕ್ಕಿತ್ತು. ತಿರುಪನ್ನು ಹಿಡಿದದ್ದು ಭುಜವಲ್ಲ. ಹಾಗಾಗಿ ಕೊಯ್ದರೂ ಅದು ಬಿಚ್ಚುತ್ತಿರಲಿಲ್ಲ, ನಂಬರೊಂದು ಹಾಳಾಗುತ್ತಿತ್ತು. ಹಿಡಿದದ್ದು ಒಣಗಿದ ಅಗಸೆ ಎಣ್ಣೆ. ಹಾಗಾದರೆ ಎಣ್ಣೆ ತೆಗೆಯುವವರು ಯಾರು?

ರಬಕವಿಯಲ್ಲಿ ನನ್ನ ಸಾಲೆಯ ಗೆಳತಿ ಇದ್ದಾಳೆ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಾಳೆ. ಬಣ್ಣ ಹಿಡಿಯಬೇಕಾದರೆ ಮೊದಲು ನೂಲಿನ ಜಿಡ್ಡು ಹೋಗಬೇಕು, ಅದಕ್ಕೆ ಅವರು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೂಲನ್ನು ಕುದಿಸುತ್ತಾರೆ. ಫೋನ್ ಮಾಡಿ ಕೇಳಿದೆ: ಒಣಗಿದ ಅಗಸೆ ಎಣ್ಣೆ ಸೋಡಾಕ್ಕೆ ಬಿಡುತ್ತದೆಯೇ? ಎಂಥ ಎಣ್ಣೆಯಾದರೂ ಸೋಡಾದಲ್ಲಿ ಸಾಬೂನಾಗಿ ಹೋಗುತ್ತದೆ, ಹೊತ್ತು ಮಾತ್ರ ಹೆಚ್ಚು ಬೇಕು ಎಂದಳು. ಉಕ್ಕಿಗೆ ಏನಾಗುತ್ತದೆ ಎಂದರೆ, ತಮ್ಮ ಕಬ್ಬಿಣದ ಕಡಾಯಿಗಳು ಎಷ್ಟೋ ವರ್ಷದಿಂದ ಅದರಲ್ಲೇ ಕುದಿಯುತ್ತಿವೆ, ಏನೂ ಆಗಿಲ್ಲ ಎಂದಳು. ನೀರು ಕುದಿಯುವ ಕಾವಿಗೆ ಉಕ್ಕಿನ ಹದ ಕೆಡುವ ಮಾತೇ ಇಲ್ಲ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಆದರೂ ಗೌಡರ ರೈಫಲ್ಲಿನ ಮೇಲೆ ಮೊದಲ ಪ್ರಯೋಗ ಮಾಡುವಷ್ಟು ಹುಚ್ಚು ನನಗಿರಲಿಲ್ಲ. ಗೆಳತಿ ಶುಕ್ರವಾರ ಸ್ಕೂಟರಿನ ಮೇಲೆ ಸೋಡಾ ತಂದಳು, ಜೊತೆಗೆ ಗುಜರಿಯಿಂದ ಹುಡುಕಿದ ಹಳೆಯ ಬಾಯ್ಲರ್ ಪೈಪಿನ ಒಂದು ಜೋಡಣೆ. ಅದೇ ನೂಲು, ಅದೇ ಸಫೇದಾ, ಹೆಚ್ಚುಕಡಿಮೆ ಅಪ್ಪನ ಕಾಲದ್ದೇ. ಅವಳು ಅದನ್ನು ಕೊಟ್ಟು ತುರ್ತು ಕೆಲಸವಿದೆಯೆಂದು ಪೇಟೆಗೆ ಹೋದಳು. ತಡೆಯದೆ ನಾನು ಮನೆಯಿಂದ ದೊಡ್ಡದೊಂದು ಅಲ್ಯುಮಿನಿಯಂ ಪಾತ್ರೆ ತಂದು ಹಿತ್ತಲಲ್ಲಿ ಒಲೆಯ ಮೇಲಿಟ್ಟೆ. ಸೋಡಾದ ನೀರು ಸುರಿದದ್ದೇ ತಡ, ಒಲೆ ಹೊತ್ತಿಸುವ ಮೊದಲೇ ಅದು ಬುಸುಬುಸು ನೊರೆ ಎದ್ದು ಉಕ್ಕತೊಡಗಿತು, ಪಾತ್ರೆ ಕಪ್ಪಾಗುತ್ತ ಹೋಯಿತು. ಉದ್ದ ಇಕ್ಕಳದಿಂದ ಪಾತ್ರೆಯನ್ನು ದೂರಕ್ಕೆ ಎಳೆದು ಬಿಟ್ಟು ಓಡಿದೆ. ಗೆಳತಿ ತಿರುಗಿ ಬಂದು ನೋಡಿದವಳೇ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಲೇ, ಸೋಡಾ ಅಲ್ಯುಮಿನಿಯಂ ತಿಂತೈತಿ ಅನ್ನೂದು ನಮ್ಮ ಕಾರ್ಖಾನಿ ಬಾಗಲಾ ಕಾಯಾಂವಗೂ ಗೊತ್ತೈತಿ. ನೀ ಬಂದೂಕ ರಿಪೇರಿ ಮಾಡಾಕಿ ಅಂತ!"

ಅವತ್ತಿನ ಅನ್ನದ ಪಾತ್ರೆಯ ಕತೆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ರೈಫಲ್ಲಿನಲ್ಲಿ ಅಲ್ಯುಮಿನಿಯಂ ಒಂದು ಚೂರೂ ಇಲ್ಲ ಎಂದು ಆಮೇಲೆ ಮೂರು ಸಲ ಹುಡುಕಿ ಖಾತ್ರಿ ಮಾಡಿಕೊಂಡೆ. ನಳಿಗೆಯ ತುದಿಯ ಗುರಿಕಟ್ಟಿನಲ್ಲಿ, ಅಂದರೆ ಗುರಿ ನೋಡುವ ಮುಳ್ಳಿನಲ್ಲಿ, ಹಿತ್ತಾಳೆಯ ಮಣಿಯೊಂದಿತ್ತು, ಅದನ್ನೂ ಬಿಚ್ಚಿಟ್ಟೆ.

ಶನಿವಾರ ಕಬ್ಬಿಣದ ಡ್ರಮ್ಮು ಬಂತು. ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ, ಮೈಗೆ ಗೆಳತಿಯ ಕಾರ್ಖಾನೆಯ ದಪ್ಪನೆಯ ಏಪ್ರನ್. ತಣ್ಣೀರಿಗೆ ಸ್ವಲ್ಪಸ್ವಲ್ಪವೇ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು ಎಂದು ಅವಳೇ ಬಗಲಲ್ಲಿ ನಿಂತು ಹೇಳಿಕೊಟ್ಟಳು. ಪೈಪಿನ ಜೋಡಣೆಯನ್ನು ನಾಲ್ಕು ತಾಸು ಕುದಿಸಿದೆವು. ಮೊದಲು ನಾವಿಬ್ಬರೂ ಕೂಡಿ ಜಗ್ಗಿದರೂ ಅಲುಗದ ಪೈಪು, ಸಂಜೆ ನನ್ನ ಒಂದೇ ಕೈಗೆ ಕಿರುಗುಟ್ಟಿ ತಿರುಗಿತು. ಅಪ್ಪ ಖುರ್ಚಿಯಿಂದ ಎದ್ದು ಬಂದು, ಆ ತಿರುಪಿನಿಂದ ಬೂದುಬಣ್ಣದ ನೂಲನ್ನು ಕಡ್ಡಿಯಿಂದ ಎಳೆದು ನೋಡಿದ. ಗುರುವಾರದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಒಂದು ಆರೇಳು ತಾಸು ಕುದಿಸು, ರೈಫಲ್ಲಿನ ತಿರುಪು ಇದಕ್ಕಿಂತ ನಾಜೂಕು ಎಂದ. ಆಯ್ತು ಎಂದೆ. ಅಲ್ಲಿಗೆ ಜಗಳ ಮುಗಿಯಿತು.

ಭಾನುವಾರ ಅಂಗಡಿ ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದೊಡನೆ ಡ್ರಮ್ಮಿನ ಕೆಳಗೆ ಬೆಂಕಿ ಮಾಡಿದೆ. ನಳಿಗೆಯ ತುದಿ ಮೇಲೆ ಬರುವಂತೆ, ತಿರುಪಿನ ಭಾಗ ಪೂರ್ತಿ ಮುಳುಗುವಂತೆ ತಂತಿಯಲ್ಲಿ ಕಟ್ಟಿ ನಿಲ್ಲಿಸಿದೆ. ಏಳು ತಾಸು ಅದರ ಬಗಲಿನಿಂದ ಕದಲಲಿಲ್ಲ. ನೀರು ಆರಿದಂತೆಲ್ಲ ಬಿಸಿನೀರು ಸೇರಿಸುವುದು, ಉರಿ ತಗ್ಗಿಸುವುದು, ಹೆಚ್ಚಿಸುವುದು. ಮೂರನೆಯ ತಾಸಿನ ಹೊತ್ತಿಗೆ ತಿರುಪಿನ ಸಂದಿಯಿಂದ ಹಾಲಿನಂಥ ಬಿಳಿ ಎಳೆಯೊಂದು ನೀರಿಗೆ ಬಿಡತೊಡಗಿತು. ಸಫೇದಾ ಕರಗುತ್ತಿತ್ತು! ನಾನು ಅಪ್ಪನನ್ನು ಕೂಗಿ ತೋರಿಸಿದೆ.

ಸಂಜೆ ಐದಕ್ಕೆ ತೆಗೆದು, ನೀರಿನಿಂದ ಚೆನ್ನಾಗಿ ತೊಳೆದು, ಬಿಸಿಯಿರುವಾಗಲೇ ವೈಸಿಗೆ ಹಾಕಿದೆ. ಹೊಸ ಜಾಲಿ ಕಟ್ಟಿಗೆ, ಹೊಸ ರಾಳ. ಪಾನಾ ಹಾಕಿ ಪೈಪಿಲ್ಲದೆಯೇ ಭಾರ ಬಿಟ್ಟೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿರ್ರೆಂದು ಹಲ್ಲು ಜುಂ ಎನ್ನುವಂಥ ಸದ್ದು, ಪಾನಾ ಒಂದು ಬೆರಳಗಲ ಸರಿಯಿತು. ನಿಂತಿತು. ಮತ್ತೆ ಒಂದು ಬೆರಳು. ಅಷ್ಟಾದ ಮೇಲೆ ಕೈಯಿಂದಲೇ ತಿರುವಿದೆ, ಅದು ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ಸುತ್ತುತ್ತ ಹೊರಗೆ ಬಂತು. ತಿರುಪಿನ ತುಂಬ ಲೋಳೆಯಾದ ನೂಲು. ನಂಬರಿನ ಪ್ರತಿ ಅಂಕಿಯೂ ಕಾರ್ಖಾನೆಯಿಂದ ಬಂದ ದಿನದಷ್ಟೇ ಸ್ಪಷ್ಟ. ನನಗೆ ಅಳು ಬಂತು, ಅತ್ತುಬಿಟ್ಟೆ. ಅಪ್ಪ ಬಾಗಿಲ ಕಡೆ ತಿರುಗಿ ಮೂಗು ಒರೆಸಿಕೊಂಡ.

ಆಮೇಲೆ ರಿಜಿಸ್ಟರು. ಕಂಡದ್ದನ್ನು ಬರೆಯಬೇಕು ಎಂದು ಅಧಿಕಾರಿ ಹೇಳಿದ್ದರು. ಪೆನ್ನು ಹಿಡಿದು ಕೂತವಳು ಹತ್ತು ನಿಮಿಷ ಒಂದಕ್ಷರ ಬರೆಯಲಿಲ್ಲ. 'ತುಕ್ಕು ಹಿಡಿದಿತ್ತು' ಎಂದು ಬರೆದರೆ ಎರಡೇ ಪದದಲ್ಲಿ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೂಲು ಎಂದು ಬರೆದರೆ ಅಪ್ಪನ ನಲವತ್ತು ವರ್ಷದ ಹೆಸರು ಹೋಗುತ್ತದೆ. ಇಂಥ ಕೆಲಸ ಮಾಡುವ ಅಂಗಡಿಗೆ ಪರವಾನಗಿ ಯಾಕೆ ಕೊಡಬೇಕು ಎಂದು ಅಧಿಕಾರಿ ಕೇಳಿದರೆ ನನ್ನದೂ ಹೋಗುತ್ತದೆ. ಆದರೆ ಸುಳ್ಳಿನಿಂದ ಶುರುವಾದ ಪರವಾನಗಿ ಇಟ್ಟುಕೊಂಡು ನಾಳೆ ಇನ್ನೊಬ್ಬರ ಕೈಗೆ ರೈಫಲ್ ಕೊಡುವುದು ಹೇಗೆ? 'ತಿರುಪಿನಲ್ಲಿ ಸಫೇದಾ ಹಚ್ಚಿದ ಹತ್ತಿ ನೂಲು ಕಂಡುಬಂತು, ಸೋಡಾದ ನೀರಿನಲ್ಲಿ ಏಳು ತಾಸು ಕುದಿಸಿ ತೆಗೆಯಲಾಯಿತು' ಎಂದು ಬರೆದೆ. ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಅವನನ್ನು ಕೇಳದೆಯೇ ಬರೆದ ತಪ್ಪಿಗೆ ಬೈಸಿಕೊಳ್ಳಲು ತಯಾರಾಗಿ.

ಅಪ್ಪ ಇನ್ನೊಮ್ಮೆ ಓದಿಸಿದ.

"ಯಾರ ಸುತ್ಯಾರ ಅನ್ನೂದ ಬರದಿಲ್ಲಲ್ಲ" ಎಂದ. "ನನ್ನ ಹೆಸರ ಹಾಕು."

ಹಾಕಿದೆ.

ಮಂಗಳವಾರ ಹೊಸ ನಳಿಗೆ ಹಿಡಿದೆ. ಇಲ್ಲಿಯೂ ಹಳೆಯ ತಪ್ಪಿನ ಬಾಲ ಕಾದಿತ್ತು. ಎಲ್ಲೆಲ್ಲಿ ತಾಗುತ್ತದೆ ಎಂದು ತಿಳಿಯಲು ಭುಜಕ್ಕೆ ನೀಲಿ ಬಣ್ಣ ಸವರಿ ಕೈಯಿಂದ ತಿರುವಿ ಬಿಚ್ಚಿ ನೋಡಿದರೆ, ಮೈಯ ಮೂತಿಯಲ್ಲಿ ಅರ್ಧ ಉಂಗುರದಷ್ಟಕ್ಕೆ ಮಾತ್ರ ಬಣ್ಣ ಹತ್ತಿತ್ತು. ಸಡಿಲು ನಳಿಗೆ ಅಲುಗಾಡಿದ್ದ ಕಾಲದಲ್ಲೇ ಮೂತಿಯ ಒಂದು ಬದಿ ಉಬ್ಬಿತ್ತು. ಕಾನಸದಿಂದ ಉಜ್ಜಿದರೆ ಸೊಟ್ಟಾಗುವ ಭಯ. ಹಳೆಯ ನಳಿಗೆಗೇ ಸಾಣೆಯ ಮಸಾಲೆ ಸವರಿ, ಅದನ್ನೇ ಹಿಂದೆಮುಂದೆ ತಿರುವಿ ತಿರುವಿ ಉಬ್ಬನ್ನು ತಿಕ್ಕಿದೆ. ಠಾಣೆಗೆ ಹೋಗುವ ಮುನ್ನ ಅದೊಂದು ಒಳ್ಳೆಯ ಕೆಲಸ ಮಾಡಿತು. ಸಂಜೆಗೆ ಬಣ್ಣ ಪೂರ್ತಿ ಉಂಗುರವಾಗಿ ಹತ್ತಿತು.

ಬುಧವಾರ ಭುಜದ ಲೆಕ್ಕ. ಮುಂದಿನ ಗುರಿಕಟ್ಟು ನೆಟ್ಟಗೆ ಆಕಾಶ ನೋಡುವಂತೆ ನಳಿಗೆ ನಿಲ್ಲಬೇಕು. ಅದಕ್ಕೆಂದು ಮೈಗೂ ನಳಿಗೆಗೂ ಒಂದೊಂದು ಗುರುತು ಗೀಚಿರುತ್ತಾರೆ. ಕೈಯಿಂದ ತಿರುವಿದಾಗ ಗುರುತಿಗಿಂತ ಸ್ವಲ್ಪ ಹಿಂದೆ ನಿಲ್ಲಬೇಕು, ಉಳಿದ ಸ್ವಲ್ಪವನ್ನು ಪಾನಾದಿಂದ ಎಳೆದರೆ ಬಿಗಿ ಬರುತ್ತದೆ. ಹೊಸ ನಳಿಗೆ ಗುರುತಿಗಿಂತ ಬಹಳ ಹಿಂದೆಯೇ ನಿಂತಿತು. ಭುಜದಿಂದ ಮಿಲಿಮೀಟರಿನ ಎಂಟರಲ್ಲೊಂದು ಪಾಲು ತೆಗೆಯಬೇಕು. ಕಡಿಮೆ ತೆಗೆದರೆ ಮತ್ತೆ ತೆಗೆಯಬಹುದು. ಹೆಚ್ಚಾದರೆ ನಳಿಗೆ ಗುರುತು ದಾಟಿ ಹೋಗುತ್ತದೆ, ಆಗ ಯಾರಾದರೂ ನೂಲು ಸುತ್ತುವ ಕಾಲ ಮತ್ತೆ ಬರುತ್ತದೆ. ಲೇತಿಗೆ ಕಟ್ಟಿ ಕಾಗದದಷ್ಟೂ ದಪ್ಪವಿಲ್ಲದ ಸಿಪ್ಪೆ ತೆಗೆಯುವುದು, ಬಿಚ್ಚುವುದು, ಒರೆಸುವುದು, ತಿರುವಿ ನೋಡುವುದು, ಮತ್ತೆ ಕಟ್ಟುವುದು. ಆರು ಸಲ ಹೀಗೆ ಮಾಡಿದೆ. ಏಳನೆಯ ಸಲಕ್ಕೆ ಕೈ ಹೋದಾಗ ಸಂಜೆಯಾಗಿ ಕಣ್ಣು ಸೋತಿತ್ತು. ಲೇತ್ ನಿಲ್ಲಿಸಿ ಮನೆಗೆ ನಡೆದೆ. ಗುರುವಾರ ಬೆಳಿಗ್ಗೆ ಹೊಸ ಕಣ್ಣಿನಿಂದ ಒಂದೇ ಸಿಪ್ಪೆ ತೆಗೆದೆ. ಪಾನಾದಿಂದ ಎಳೆದಾಗ ಎರಡೂ ಗುರುತು ಕೂಡಿ ಒಂದೇ ಗೆರೆಯಾಯಿತು.

ಕೊನೆಯದು ಗೇಜು. ಕಾಡತೂಸಿನ ಆಕಾರದ ಎರಡು ಉಕ್ಕಿನ ತುಂಡುಗಳು. ಒಂದನ್ನು ಹಾಕಿದರೆ ಬೋಲ್ಟ್ ಮುಚ್ಚಬೇಕು, ಅದಕ್ಕಿಂತ ಕೂದಲಷ್ಟೇ ಉದ್ದ ಹೆಚ್ಚಿರುವ ಇನ್ನೊಂದನ್ನು ಹಾಕಿದರೆ ಮುಚ್ಚಬಾರದು. ಮೊದಲನೆಯದಕ್ಕೆ ಬೋಲ್ಟ್ ಒಂದು ಬೆರಳಿನ ಒತ್ತಿಗೆ ಮುಚ್ಚಿತು. ಎರಡನೆಯದಕ್ಕೆ ಅರ್ಧದಲ್ಲೇ ನಿಂತಿತು. ನಾನು ಅಪ್ಪನ ಮುಂದೆ ರೈಫಲ್ ಹಿಡಿದೆ. ಅವನು ತಾನೂ ಎರಡೂ ಗೇಜು ಹಾಕಿ ನೋಡಿದ, ಕೈ ನಡುಗಿದರೂ ಬೋಲ್ಟ್ ತನ್ನ ಮಾತು ಬದಲಿಸಲಿಲ್ಲ.

ಶನಿವಾರ ಬೀಳಗಿಯ ಕಡೆಗಿರುವ ಪೊಲೀಸರ ಗುರಿ ಅಭ್ಯಾಸದ ಮಾಳದಲ್ಲಿ ಅಧಿಕಾರಿ ಕಾದಿದ್ದರು, ಗೌಡರೂ ಬಂದಿದ್ದರು. ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ರಿಜಿಸ್ಟರು ಬಿಚ್ಚಿ ಓದಿದರು, ಒಂದು ಕಡೆ ಬೆರಳಿಟ್ಟು ನಿಂತರು. ಗೌಡರನ್ನು ಕರೆದು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಗೌಡರು ಅಪ್ಪನ ಕಡೆ ನೋಡಿದರು. ಅಪ್ಪ ತಲೆ ತಗ್ಗಿಸಲಿಲ್ಲ. ನಾನು 'ಖರೆ ಐತ್ರಿ' ಎನ್ನುವ ಮೊದಲೇ ಅವನೇ ಅಂದ:

"ಖರೆ ಐತ್ರಿ ಗೌಡ್ರ. ನಿಮ್ಮ ತಂದಿಯವರ ಮುಂದ ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ಮಗಳು ಹೇಳ್ಯಾಳ."

ಅಧಿಕಾರಿ ರಿಜಿಸ್ಟರು ಮುಚ್ಚಿ, ಹಾರಿಸೋಣ ಎಂದರು.

ಮೊದಲ ಎರಡು ಗುಂಡಿಗೆ ರೈಫಲ್ಲನ್ನು ಲಾರಿಯ ಟಯರಿಗೆ ಕಟ್ಟಿ, ಮರಳ ಚೀಲಗಳ ಹಿಂದಿನಿಂದ ಹಗ್ಗ ಜಗ್ಗಿದೆವು. ಖಾಲಿ ಕಾಡತೂಸುಗಳನ್ನು ಬಿಸಿಲಿಗೆ ಹಿಡಿದು ನೋಡಿದೆ: ಉಬ್ಬಿಲ್ಲ, ಬಿರುಕಿಲ್ಲ. ಗೌಡರು ಮುಂದೆ ಬಂದಾಗ ನಾನು ತಡೆದೆ. ರಿಪೇರಿ ಮಾಡಿದವರ ಕೆನ್ನೆ ಮೊದಲು ಎಂದು ಹೇಳಿ ಚಾಪೆಯ ಮೇಲೆ ಮಲಗಿದೆ. ನೂರು ಮೀಟರಿಗೆ ಐದು ಗುಂಡು. ಹೆದರಿಕೆ ಮೊದಲನೆಯದಕ್ಕೆ ಮಾತ್ರ ಇತ್ತು. ಹಾಳೆ ತಂದಾಗ ಐದೂ ತೂತು ದುಂಡಗೆ, ಎಲ್ಲವನ್ನೂ ನನ್ನ ಅಂಗೈಯಿಂದ ಮುಚ್ಚಬಹುದಿತ್ತು. ಗೌಡರು ಆಮೇಲೆ ಹೊಡೆದ ಐದನ್ನು ಅವರ ಮೂರು ಬೆರಳೇ ಮುಚ್ಚಿದವು. ಅವರು ಎದ್ದು ಮೊಳಕೈ ಮಣ್ಣು ಝಾಡಿಸಿಕೊಂಡು ನನ್ನ ಬಳಿ ಬಂದರು. ಮನೆಯಲ್ಲಿ ಇನ್ನೊಂದು ಜೋಡು ನಳಿಗೆಯ ಬಂದೂಕಿದೆ, ಅದರೊಳಗೆ ಏನೇನು ತುರುಕಿದ್ದಾರೋ ನೀವೇ ಬಿಚ್ಚಿ ನೋಡಬೇಕು ಎಂದರು. ಅಪ್ಪನೇ ಮೊದಲು ನಕ್ಕದ್ದು. ಅಧಿಕಾರಿ ನೂಲಿನ ಸಾಲಿನ ಕೆಳಗೇ 'ಕೆಲಸ ತೃಪ್ತಿಕರ, ದಾಖಲೆ ನಂಬಲರ್ಹ' ಎಂದು ಬರೆದು ಸಹಿ ಹಾಕಿದರು.

ಪರವಾನಗಿ ನನ್ನ ಹೆಸರಿಗೆ ಬಂತು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮಾರನೆಯ ದಿನ ಮುಧೋಳದ ಕಡೆಯ ಹಿರಿಯರೊಬ್ಬರು ಬಟ್ಟೆಯಲ್ಲಿ ಸುತ್ತಿದ ಬಂದೂಕು ಹಿಡಿದು ಬಂದರು. ನನ್ನನ್ನು ದಾಟಿಕೊಂಡು ನೇರ ಅಪ್ಪನ ಮುಂದೆ ನಿಂತು ಬಟ್ಟೆ ಬಿಚ್ಚತೊಡಗಿದರು. ಅಪ್ಪ ಪೇಪರಿನಿಂದ ತಲೆ ಎತ್ತಿದ.

"ನಾ ಇಲ್ಲಿ ಸುಮ್ನ ಕುಂಡ್ರಾಂವ್ರಿ" ಎಂದ. "ಮಾಲಕರು ಅಲ್ಲಿ ನಿಂತಾರ. ಅವರಿಗೆ ತೋರಸ್ರಿ."

ಹುಟ್ಟಿದಾಗಿನಿಂದ ಅಪ್ಪ ನನ್ನನ್ನು 'ಅವರು' ಎಂದು ಕರೆದದ್ದು ಅದೇ ಮೊದಲು. ಕೈ ಒರೆಸಿಕೊಂಡು, ಬಂದೂಕು ಇಸಿದುಕೊಂಡು, ಒಳಗೆ ಕಾಡತೂಸು ಇಲ್ಲವೆಂದು ಮೊದಲು ನೋಡಿದೆ.